ಬಾಷಾಸಾಬರು ಮುಚ್ಚಳ ತೆಗೆದ ಕಟೌಟ್

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದೆ ಬಾಷಾಸಾಬರ ತಗಡಿನ ಗ್ಯಾರೇಜು ಇತ್ತು. ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. 1952ರಲ್ಲಿ ನಾನು ಅಂದಾನಪ್ಪ ಸಾವಕಾರರ ಡೀಸೆಲ್ ಬಸ್ಸನ್ನು ರೋಣಕ್ಕೆ ಓಡಿಸುತ್ತಿದ್ದೆ.

ಆ ವರ್ಷ ಬಸ್ಸಿನ ಬ್ಯಾಟರಿ ಮೇಲಿಂದ ಮೇಲೆ ಇಳಿದುಹೋಗುತ್ತಿತ್ತು. ದಾರಿಯಲ್ಲಿ ಹತ್ತುವ ಮುಶಿಗೇರಿಯ ಮಂದಿ ಟಿಕೀಟನ್ನೂ ತೆಗೆಸಬೇಕು, ಬಸ್ಸನ್ನೂ ನೂಕಬೇಕು. ನಾನು ರಾತ್ರಿ ಬಸ್ಸಿನ ದೀಪ ಆರಿಸದೆ ಮನೆಗೆ ಹೋಗುತ್ತೇನೆಂದು ಸಾವಕಾರರ ಗುಮಾನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒಂದು ಮುಂಜಾನೆ ಎಲ್ಲರೆದುರೇ, "ಈಶಪ್ಪಾ, ನಾಳಿಂದ ನೀ ಬರಬ್ಯಾಡ. ಬ್ಯಾರೆ ಡ್ರೈವರನ್ನ ನೋಡೇನಿ," ಅಂದುಬಿಟ್ಟರು. ಕಳ್ಳನನ್ನು ಹೊರಗೆ ಹಾಕಿದ ಹಾಗಾಯಿತು. ನಾನೂ ಜಗಳಕ್ಕೆ ನಿಂತೆ.

ಗದ್ದಲ ಕೇಳಿ ಬಾಷಾಸಾಬರು ಕೈ ಒರೆಸಿಕೊಳ್ಳುತ್ತ ಬಂದರು. "ಮೊದಲ ಗಾಡೀನ ಕೇಳೂಣ್ರಿ," ಅಂದರು.

ಬಸ್ಸನ್ನು ನೂಕಿಸಿ ಎಂಜಿನ್ ಚಾಲೂ ಮಾಡಿಸಿದರು. ಎಂಜಿನ್ ತಿರುಗಿದಾಗ ಡೈನಮೋ ಹುಟ್ಟಿಸುವ ಕರೆಂಟನ್ನು ಬ್ಯಾಟರಿಗೆ ಬಿಡಲು ಅಯಸ್ಕಾಂತದ ಒಂದು ಸಣ್ಣ ಸ್ವಿಚ್ಚು ಇರುತ್ತದೆ; ಅದಕ್ಕೆ ಕಟೌಟ್ ಅನ್ನುತ್ತಾರೆ. ಡೈನಮೋ ಕಡೆಯ ತಂತಿಗೆ ಬಲ್ಬು ಹಿಡಿದರು, ಹತ್ತಿತು. ಬ್ಯಾಟರಿಯ ತಂತಿ ಬಿಚ್ಚಿ ಕಟೌಟಿನ ಬ್ಯಾಟರಿ ಬದಿಗೆ ಬಲ್ಬು ಹಿಡಿದರು, ಹತ್ತಲಿಲ್ಲ. ಕರೆಂಟು ಕಟೌಟಿನಲ್ಲೇ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಅಯಸ್ಕಾಂತ ತನ್ನ ಪಟ್ಟಿಯನ್ನು ಸರಿಯಾಗಿಯೇ ಎಳೆಯುತ್ತಿತ್ತು. ಆದರೆ ಕರೆಂಟು ದಾಟಿಸುವ ಎರಡು ಪಾಯಿಂಟು ಕೂಡುವಲ್ಲಿ ಬೆಳ್ಳಗೆ ಏನೋ ಒಣಗಿ ಗಟ್ಟಿಯಾಗಿತ್ತು. ವಿಭೂತಿ! ಅಮಾವಾಸ್ಯೆಗೊಮ್ಮೆ ಗಾಡಿಪೂಜೆ ಮಾಡುವ ಸಾವಕಾರರಿಗೆ, ಗಾಡಿಯ ಜೀವ ಈ ಡಬ್ಬಿಯಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಭಕ್ತಿಯಿಂದ ಮುಚ್ಚಳ ತೆಗೆದು ಒಳಗೂ ಮೂರು ಬೆರಳು ಎಳೆದಿದ್ದರು.

ಬಾಷಾಸಾಬರು "ಹೊಲಸು ಕೂತಿತ್ತು" ಎಂದು ಒರೆಸಿಬಿಟ್ಟಿದ್ದರೆ ಸಾವಕಾರರ ಮಾನ ಉಳಿಯುತ್ತಿತ್ತು, ಗಾಡಿ ಚೊಕ್ಕ ಇಟ್ಟಿಲ್ಲವೆಂದು ನಾನು ನೌಕರಿ ಕಳೆದುಕೊಳ್ಳುತ್ತಿದ್ದೆ. ಬಾಷಾಸಾಬರ ಗ್ಯಾರೇಜು ನಡೆಯುತ್ತಿದ್ದದ್ದೇ ಸಾವಕಾರರ ಬಸ್ಸಿನಿಂದ. ಆದರೂ ಅವರು ಮುಚ್ಚಳವನ್ನು ಸಾವಕಾರರ ಮುಂದೆ ಹಿಡಿದರು.

"ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪೂಜಿ ಖರೇನ. ಆದ್ರ ಈ ವಿಭೂತಿ ಮುಚ್ಚಳದ ಮ್ಯಾಲ ಹಚ್ಚಬೇಕಿತ್ರಿ. ಈಶಪ್ಪಂದು ಏನೂ ತಪ್ಪಿಲ್ರಿ."

ಪೆಟ್ರೋಲು ಬಟ್ಟೆಯಿಂದ ಒರೆಸಿ ಮತ್ತೆ ಬಲ್ಬು ಹಿಡಿದರು. ಝಗ್ಗನೆ ಹತ್ತಿತು. ಮಂದಿ ನಕ್ಕರು. ಸಾವಕಾರರ ಮುಖ ಕೆಂಪಾಯಿತು. "ಗಾಡಿ ತಗಿಯೋ ಈಶಪ್ಪಾ," ಎಂದಷ್ಟೇ ಹೇಳಿ ಹೊರಟುಹೋದರು.

ನನ್ನ ನೌಕರಿ ಉಳಿಯಿತು. ಆದರೆ ಮರುದಿನದಿಂದ ಬಸ್ಸಿನ ರಿಪೇರಿಯೆಲ್ಲ ರೋಣದಲ್ಲಿ ಎಂದು ಸಾವಕಾರರ ಅಪ್ಪಣೆಯಾಯಿತು. ಬಾಷಾಸಾಬರು ಎರಡು ವರ್ಷ ಸೈಕಲ್ಲು, ಸ್ಟೋವು ರಿಪೇರಿ ಮಾಡಿ ದಿನ ದೂಡಿದರು. ಒಮ್ಮೆ ಮನಸ್ಸು ತಡೆಯದೆ, "ನನ್ನ ಸಲುವಾಗಿ ನಿಮಗ ಭಾಳ ಲುಕ್ಸಾನ ಆತ್ರಿ, ಚಾಚಾ," ಅಂದೆ.

"ಹುಚ್ಚಪ್ಪಾ! ಸುಳ್ಳ ಹೇಳಿದ್ರ ದಿನಾ ನಿನ್ನ ಮುಖ ಹ್ಯಾಂಗ ನೋಡ್ತಿದ್ದೆ?" ಅಂದರು.

ನನಗೆ ಅಳುವೇ ಬಂತು. ಅದೇ ಸ್ಟಿಯರಿಂಗ್ ಹಿಡಿದು ನಾಲ್ಕು ಮಕ್ಕಳನ್ನು ಬೆಳೆಸಿದೆ. ಅವರು ಉಂಡ ಒಂದೊಂದು ರೊಟ್ಟಿಯೂ ಬಾಷಾಸಾಬರ ಪುಣ್ಯದ್ದು.