ಗ್ರೀಕರ ಗುಡಿಗೆ ಒಂದು ಪ್ರದಕ್ಷಿಣೆ

ಗೈಡ್ ಕರೆದುಕೊಂಡು ಹೋಗಿ ತೋರಿಸುವ ಜಾಗಗಳೆಂದರೆ ನನಗೆ ಬಹಳ ಇಷ್ಟ. ಇದು ಇತಿಹಾಸದ ಮೇಲಿನ ಪ್ರೀತಿಯೆಂದು ಸ್ನೇಹಿತರು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಿಜವಾದ ಕಾರಣ ಅಷ್ಟು ಗೌರವದ್ದಲ್ಲ. ಗೈಡ್ ಇದ್ದಲ್ಲಿ ನಾನು ಮಾತಾಡಬೇಕಾಗಿಲ್ಲ, ಅಷ್ಟೇ. ಮಾತಿಗೆಂದೇ ಒಬ್ಬರನ್ನು ನೇಮಿಸಿರುತ್ತಾರೆ. ಉಳಿದವರ ಪಾಲಿಗೆ ಬರುವುದು ತಲೆಯಾಡಿಸುವ ಕೆಲಸ, ಅದರಲ್ಲಿ ನಾನು ಪಳಗಿದವಳು. ಇಸವಿ ಹೇಳಿದರೆ ನಿಧಾನವಾಗಿ ಒಮ್ಮೆ, ರಾಜ ಸತ್ತರೆ ಕೊಂಚ ಓರೆಯಾಗಿ, ಹಾಸ್ಯವಿದ್ದರೆ ಬೇರೆಯವರು ನಕ್ಕ ಮೇಲೆ. ಹೀಗೆ ಒಂದು ಮಧ್ಯಾಹ್ನವಿಡೀ ನಾಲ್ಕು ಜನರ ನಡುವೆ ಇದ್ದೂ ಯಾರಿಗೂ ಸಿಕ್ಕದೆ ಮನೆಗೆ ಬರಬಹುದು.

ಪ್ರಮೋದನ ತಾಯಿ ನನ್ನನ್ನು ನೋಡಬೇಕೆಂದಾಗ ನನಗೆ ಗೈಡ್ ನೆನಪಾದದ್ದು ಈ ಕಾರಣಕ್ಕೇ.

ಪ್ರಮೋದ ಧಾರವಾಡದವನು, ಲಂಡನ್ನಿನ ಟೂಟಿಂಗಿನ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಮೈಸೂರಿನವಳು. ಆಹಾರ ವಿಜ್ಞಾನ ಓದಿ, ಪಾರ್ಕ್ ರಾಯಲ್‌ನ ಒಂದು ತಿಂಡಿ ಕಾರ್ಖಾನೆಯಲ್ಲಿ ಪೊಟ್ಟಣಗಳ ಮೇಲಿನ ಲೇಬಲ್ಲು ಪರೀಕ್ಷಿಸುತ್ತೇನೆ. ಸಮೋಸದಲ್ಲಿ ಸಾಸಿವೆ ಇದ್ದು ಲೇಬಲ್ಲಿನಲ್ಲಿ ಇಲ್ಲದಿದ್ದರೆ ಅದು ನನ್ನ ತಲೆಗೆ ಬರುತ್ತದೆ. ನಾವಿಬ್ಬರೂ ಮದುವೆಯಾಗಬೇಕೆಂದು ನಮ್ಮೊಳಗೆ ತೀರ್ಮಾನಿಸಿದ್ದೆವು. ಮೈಸೂರಿನಲ್ಲಿ ಒಪ್ಪಿದ್ದರು. ಉಳಿದದ್ದು ಅವನ ತಾಯಿ ಸುಶೀಲಾಬಾಯಿ. ಮಗನ ಮನೆಗೆಂದು ಲಂಡನ್ನಿಗೆ ಬಂದಿದ್ದ ಅವರು ಮುಂದಿನ ವಾರ ವಾಪಸು ಹೊರಡುವವರಿದ್ದರು.

"ಅವ್ವ ಹೂಂ ಅಂದ್ರ ಎಲ್ಲಾ ಹಗರ ಆಗ್ತದ," ಎಂದ ಪ್ರಮೋದ ಫೋನಿನಲ್ಲಿ. "ಅನ್ನಲಿಲ್ಲಂದ್ರ ನಾ ಒಪ್ಪಸ್ತೀನಿ. ಆದರ ಒಪ್ಪಿಸಿಕೊಂಡಾಕಿ ಆಗಿ ನಮ್ಮ ಮನಿಗೆ ಬರೂದು ನಿನಗ ಸೇರಂಗಿಲ್ಲ."

ಸೇರುವುದಿಲ್ಲ, ನಿಜ. ಅವರಿಗೆ ನಾನು ತಾನಾಗಿ ಇಷ್ಟವಾಗಬೇಕಿತ್ತು. ನನ್ನಂಥವಳು ತಾನಾಗಿ ಇಷ್ಟವಾಗಬೇಕಾದರೆ ಸಾಕಷ್ಟು ಮುಂಚಿತವಾಗಿ ತಯಾರಿ ಬೇಕು.

"ಮ್ಯೂಸಿಯಮ್ಮಿಗೆ ಹೋಗೋಣ. ಗ್ರೀಕ್ ಅವಶೇಷಗಳನ್ನ ಗೈಡ್ ಜೊತೆ ಸುತ್ತಿ ನೋಡಬಹುದು," ಎಂದೆ.

"ಹೆಣ್ಣು ನೋಡಲಿಕ್ಕೆ ಗೈಡ್ ಬೇಕೇನು?" ಎಂದು ಅವನು ನಕ್ಕ.

ನಮ್ಮ ಕಡೆ ಹಾಳೂರು ನೋಡುವುದೆಂದರೆ ಹಾಳೂರಿಗೇ ಹೋಗಬೇಕು. ಚಿಕ್ಕಂದಿನಲ್ಲಿ ಹಂಪೆಗೆ ಹೋದಾಗ ಬುತ್ತಿ, ನೀರಿನ ಕ್ಯಾನು, ಕೊಡೆ ಎಲ್ಲವನ್ನೂ ಹೊತ್ತು ಕಾದ ಬಂಡೆಗಳ ಮೇಲೆ ಕುಣಿಯುತ್ತ ನಡೆದದ್ದು ನೆನಪಿದೆ. ಲಂಡನ್ನಿನಲ್ಲಿ ಆ ಕಷ್ಟವಿಲ್ಲ, ಇಲ್ಲಿ ಅವಶೇಷಗಳೇ ನಮ್ಮಲ್ಲಿಗೆ ಬಂದಿವೆ. ಹೇಗೆ ಬಂದವು ಎಂಬಲ್ಲಿ ಮಾತ್ರ ಗೈಡುಗಳು ದನಿ ತಗ್ಗಿಸಿ ಬೇಗ ಮುಂದಿನ ಕೋಣೆಗೆ ಹೋಗುತ್ತಾರೆ. ಅಥೆನ್ಸಿನ ಗುಡ್ಡದ ಮೇಲೆ ಬಿಸಿಲಿನಲ್ಲಿರಬೇಕಾದ ಗುಡಿಯ ಕಲ್ಲುಗಳನ್ನು ಮಳೆ ಬರುವ ಶನಿವಾರ ಟ್ಯೂಬ್ ರೈಲು ಹಿಡಿದು ಹೋಗಿ, ಕೋಟು ಕಳಚಿಟ್ಟು, ಬೆಂಚಿನ ಮೇಲೆ ಕುಳಿತು ನೋಡಬಹುದು. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಅನುಕೂಲದ ಹಾಳೂರು ಯಾವುದಿದೆ?

ಹಿಂದಿನ ಶನಿವಾರ ಒಬ್ಬಳೇ ಹೋಗಿ ಎಲ್ಲವನ್ನೂ ನೋಡಿಕೊಂಡು ಬಂದೆ. ಲಿಫ್ಟ್ ಎಲ್ಲಿದೆ, ಎಲ್ಲಿ ಕೂರಬಹುದು, ಟೀ ಅಂಗಡಿಯ ಕೇಕಿನಲ್ಲಿ ಮೊಟ್ಟೆಯಿದೆಯೇ, ಇಲ್ಲದ್ದು ಯಾವುದು. ಕೋಣೆಕೋಣೆಯ ಲೇಬಲ್ಲುಗಳನ್ನೂ ಓದಿದೆ. ಒಂದರಲ್ಲಿ ಪೂರ್ಣವಿರಾಮ ಬಿಟ್ಟುಹೋಗಿತ್ತು. ಅವರಿಗೆ ಹೇಳೋಣವೆಂದುಕೊಂಡು ಸಂಕೋಚದಿಂದ ಸುಮ್ಮನಾದೆ.

ಆ ದಿನ ಬಂತು. ಟ್ಯೂಬ್ ಸ್ಟೇಷನ್ನಿನ ಹೊರಗೆ ಇಳಕಲ್ ಸೀರೆಯ ಮೇಲೆ ಮಗನ ದೊಡ್ಡ ಕೋಟು ಹಾಕಿಕೊಂಡು, ಕಾಲಿಗೆ ಬಿಳಿ ಓಟದ ಬೂಟು ತೊಟ್ಟು ಸುಶೀಲಾಬಾಯಿ ಒಬ್ಬರೇ ನಿಂತಿದ್ದರು.

"ವಸುಧಾ ಅಂದ್ರ ನೀವ ಏನ್ರಿ? ಪಮ್ಯಾಗ ಆಸ್ಪತ್ರಿಯಿಂದ ಕರೀ ಬಂತು. ಇಲ್ಲಿ ತನಾ ಬಿಟ್ಟು ಓಡಿದ. ನಡೀರಿ, ನಾವಿಬ್ಬರ ನೋಡೋಣು."

ನನ್ನ ಯೋಜನೆಯಲ್ಲಿ ಪ್ರಮೋದ ನಮ್ಮಿಬ್ಬರ ನಡುವೆ ನಡೆಯುತ್ತಿದ್ದ. ಈಗ ಅಲ್ಲಿ ಖಾಲಿ ಜಾಗವಿತ್ತು. ಅದನ್ನು ತುಂಬಲು ನನಗೆ ಹೊಳೆದ ಒಂದೇ ಮಾತು, "ಆಂಟಿ, ಅಲ್ಲಿ ಲಿಫ್ಟ್ ಇದೆ," ಎಂಬುದು.

ನಮ್ಮ ಗೈಡ್ ಮಡಚಿದ ಕೊಡೆಯನ್ನು ಧ್ವಜದಂತೆ ಎತ್ತಿ ಹಿಡಿದ ವಯಸ್ಸಾದ ಇಂಗ್ಲಿಷ್ ಹೆಂಗಸು. ಆಕೆಯ ಹಿಂದೆ ಹತ್ತು ಹನ್ನೆರಡು ಜನ ಮೊದಲ ದೊಡ್ಡ ಕೋಣೆಗೆ ಬಂದೆವು. ಅಲ್ಲಿ ನಾನು ತಲೆಯೆತ್ತಿದೆ. ಎತ್ತಿದವಳೇ ಗಾಬರಿಯಾದೆ. ಎದುರಿಗೆ ಆಳೆತ್ತರದ ಗ್ರೀಕ್ ಯುವಕನೊಬ್ಬ ನಿಂತಿದ್ದ, ಮೈಮೇಲೆ ಒಂದು ನೂಲಿಲ್ಲ. ಅವನ ಪಕ್ಕದಲ್ಲಿ ಇನ್ನೊಬ್ಬ, ಅವನೂ ಹಾಗೇ. ಕೋಣೆಯ ತುಂಬ ಅದೇ ಕುಲದವರು.

ಹಿಂದಿನ ವಾರ ಇವರೆಲ್ಲ ಎಲ್ಲಿ ಹೋಗಿದ್ದರು? ಎಲ್ಲಿಯೂ ಹೋಗಿರಲಿಲ್ಲ, ಇಲ್ಲೇ ಇದ್ದರು. ನಾನು ಲೇಬಲ್ಲು ಓದುತ್ತಿದ್ದೆ. ಲೇಬಲ್ಲುಗಳು ಮೊಣಕಾಲಿನ ಎತ್ತರದಲ್ಲಿವೆ. ಗ್ರೀಕರ ಮೊಣಕಾಲುಗಳ ಬಗ್ಗೆ ಬೇಕಾದರೆ ಈಗಲೂ ವಿವರವಾಗಿ ಹೇಳಬಲ್ಲೆ. ಮೊಟ್ಟೆಯಿಲ್ಲದ ಕೇಕನ್ನು ಹುಡುಕಿಟ್ಟ ಬುದ್ಧಿವಂತೆ, ಭಾವೀ ಅತ್ತೆಯನ್ನು ಬೆತ್ತಲೆ ಗಂಡಸರ ನಡುವೆ ತಂದು ನಿಲ್ಲಿಸಿದ್ದೆ.

ಸುಶೀಲಾಬಾಯಿ ಸೊಂಟಕ್ಕೆ ಕೈಯಿಟ್ಟು ಆ ಯುವಕನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು.

"ಇವರಿಗೆ ಥಂಡಿ ಹತ್ತತಿದ್ದಿಲ್ಲೇನ್ರಿ?"

"ಅಲ್ಲಿ ಬಿಸಿಲು ಜಾಸ್ತಿ, ಆಂಟಿ," ಎಂದೆ ಲೇಬಲ್ಲಿಗೆ.

"ಅಲ್ಲಿ ಬಿಸಲ ಖರೆ. ಈ ಊರಿಗೆ ತಂದ ಮ್ಯಾಲೆರೆ ಏನಾರ ಹೊಚ್ಚಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಯಾಕ್ರಿ, ಮಾರಿ ಕೆಂಪಾತಲ್ಲ? ನಮ್ಮ ಗೊಮ್ಮಟಪ್ಪ ಏನ ಉಟ್ಕೊಂಡಾನ?" ಎಂದರು.

ಶ್ರವಣಬೆಳಗೊಳಕ್ಕೆ ಮೈಸೂರು ಧಾರವಾಡಕ್ಕಿಂತ ಹತ್ತಿರ. ಆದರೂ ಆ ಹೊತ್ತಿನಲ್ಲಿ ಗೊಮ್ಮಟ ಧಾರವಾಡದವರ ಸಹಾಯಕ್ಕೆ ಬಂದ, ನನ್ನ ಸಹಾಯಕ್ಕೆ ಬರಲಿಲ್ಲ.

ಮುಂದೆ ಬಂದದ್ದು ಅಥೆನ್ಸಿನ ಗುಡಿಯ ಕಲ್ಲುಗಳಿದ್ದ ಉದ್ದನೆಯ ಕೋಣೆ. ನಾಲ್ಕೂ ಗೋಡೆಗಳ ಮೇಲೆ ಸಾಲಾಗಿ ಮೆರವಣಿಗೆಯ ಕೆತ್ತನೆ. ಕುದುರೆಗಳು, ಬಲಿಗೆ ಹೊರಟ ಹಸುಗಳು, ಕೊಡ ಹೊತ್ತವರು, ಎಲ್ಲರೂ ದೇವಿಯ ಹಬ್ಬಕ್ಕೆ ಹೊರಟವರು. ಗೈಡಮ್ಮ ಕೊಡೆಯನ್ನು ಬಲಕ್ಕೆ ಬೀಸಿ ಹೊರಟರು. ಗುಂಪು ಬಲಕ್ಕೆ ಹೊರಟಿತು. ಸುಶೀಲಾಬಾಯಿ ಎಡಕ್ಕೆ ಹೊರಟರು.

"ಆಂಟಿ, ಈ ಕಡೆ."

"ಗುಡಿ ಅಂದ್ರಲ್ಲ ಆಕಿ? ಗುಡಿ ಉಲ್ಟಾ ಹೆಂಗ ಸುತ್ತಬೇಕ್ರಿ? ಪ್ರದಕ್ಷಿಣಿ ಹಿಂಗ ಹಾಕ್ಬೇಕು." ಅವರು ಗಡಿಯಾರದ ಮುಳ್ಳಿನಂತೆ ಕೈ ಸುತ್ತಿಸಿ ತೋರಿಸಿದರು.

ಇಂಥ ಕಡೆ ಜಾಣ ಸೊಸೆಯಾಗಬೇಕಾದವಳು ಏನು ಮಾಡಬೇಕೆಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ತೆಪ್ಪಗೆ ಎಡಕ್ಕೆ ಹೋಗಬೇಕು. ಆದರೆ ತಪ್ಪು ಲೇಬಲ್ಲು ಕಣ್ಣಿಗೆ ಬಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಇಲ್ಲ ಆಂಟಿ, ಅವರು ಹೋಗ್ತಿರೋದೇ ಪ್ರದಕ್ಷಿಣೆ," ಎಂದುಬಿಟ್ಟೆ. "ಈ ಕೆತ್ತನೆ ಇದ್ದಿದ್ದು ಗುಡಿಯ ಗೋಡೆಯ ಹೊರಗಡೆ. ಇಲ್ಲಿ ಅದನ್ನ ಕೋಣೆಯ ಒಳಗಡೆಗೆ ಕೂರಿಸಿದ್ದಾರೆ. ಅಂದ್ರೆ ಗುಡಿಯ ಒಳಹೊರಗು ತಿರುವುಮುರುವಾಗಿದೆ." ಹೇಳಿದ್ದು ಸಾಲದೆಂದು ಸ್ವೆಟರ್ ಬಿಚ್ಚಿದೆ. ತೋಳನ್ನು ಒಳಗಿನಿಂದ ಹೊರಕ್ಕೆ ಎಳೆದು ತಿರುವಿ ಹಿಡಿದೆ. "ನೋಡಿ, ಹೊರಗಿನ ಹೂವು ಈಗ ಒಳಗೆ ಹೋಯ್ತು. ಗುಡಿ ಸುತ್ತೋವಾಗ ಗೋಡೆ ಯಾವಾಗಲೂ ನಮ್ಮ ಬಲಕ್ಕಿರಬೇಕು ತಾನೆ? ಗೈಡ್ ಹಿಂದೆ ಹೋದ್ರೆ ಬಲಕ್ಕಿರುತ್ತೆ. ನಿಮ್ಮ ದಾರೀಲಿ ಹೋದ್ರೆ ಎಡಕ್ಕೆ ಬರುತ್ತೆ."

ಗುಂಪು ನಿಂತು ನೋಡುತ್ತಿತ್ತು. ಗೈಡಮ್ಮನ ಕೊಡೆ ಕೆಳಗಿಳಿದಿತ್ತು. ಮಾತಾಡಬಾರದೆಂದೇ ಈ ಜಾಗ ಆರಿಸಿದ್ದ ನಾನು ಕೋಣೆಯ ನಡುವೆ ಸ್ವೆಟರ್ ತಿರುವಿ ಹಿಡಿದುಕೊಂಡು ಉಪನ್ಯಾಸ ಕೊಡುತ್ತಿದ್ದೆ, ಅದೂ ಪ್ರಮೋದನ ತಾಯಿಗೆ, ನೀವು ತಪ್ಪು ಎಂದು.

ಸುಶೀಲಾಬಾಯಿ ಸ್ವೆಟರನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದರು.

"ಅಂದ್ರ ದೇವರು ಇದ್ದದ್ದು ಗ್ವಾಡಿ ಆ ಕಡೆ."

"ಹೌದು, ಆಂಟಿ."

"ಈಗ ಆ ಕಡೆ ಏನದ?"

ನಕ್ಷೆ ನನಗೆ ಬಾಯಿಪಾಠವಾಗಿತ್ತು. ಗೋಡೆಯಾಚೆ ಟೀ ಅಂಗಡಿಯಿತ್ತು, ಪಕ್ಕದಲ್ಲಿ ಶೌಚಾಲಯವೂ ಇತ್ತು. ಜೀವನದಲ್ಲಿ ಅಪರೂಪಕ್ಕೊಮ್ಮೆ ಅರ್ಧ ಮಾಹಿತಿ ಸಾಕೆನ್ನಿಸಿತು.

"ಚಹಾ ಸಿಗುತ್ತೆ," ಎಂದೆ.

"ಹಂಗಾದ್ರ ಅಡ್ಡಿಯಿಲ್ಲ. ನಡೀರಿ," ಎಂದು ಅವರು ಬಲಕ್ಕೆ ತಿರುಗಿದರು. ದಾರಿಯುದ್ದಕ್ಕೂ ಗೋಡೆಯ ಕಡೆಗೆ ಸಣ್ಣಗೆ ಕೈ ಮುಗಿಯುತ್ತಲೇ ಇದ್ದರು. ದೇವಿಗೋ ಚಹಾಕ್ಕೋ ಕೇಳಲಿಲ್ಲ.

ಟೀ ಅಂಗಡಿಯಲ್ಲಿ ಅವರು ನನ್ನ ಮೊಬೈಲಿನಿಂದ ಮಗನಿಗೆ ಫೋನು ಮಾಡಿದರು. ನಾನು ಸಕ್ಕರೆ ಪೊಟ್ಟಣದ ಲೇಬಲ್ಲು ಓದುವಂತೆ ನಟಿಸಿದೆ. "ಹೂಂ, ನೋಡಿದೆನೋ," ಎಂದರು. ಆ ಕಡೆಯಿಂದ ಅವನೇನೋ ಕೇಳಿದ. "ಅಡ್ಡಿಯಿಲ್ಲ," ಎಂದರು. ಫೋನು ಹಿಂದಕ್ಕೆ ಕೊಟ್ಟರು.

ಅಡ್ಡಿಯಿಲ್ಲ. ಚಹಾದ ಅಂಗಡಿಗೆ ಹೇಳಿದ ಅದೇ ಮಾತು. ಅಡ್ಡಿ ಎಂದರೆ ತಡೆ, ಇಲ್ಲ ಎಂದರೆ ಇಲ್ಲ. ಈ ಹುಡುಗಿಯನ್ನು ತಡೆಯಲು ಕಾರಣ ಸಿಗಲಿಲ್ಲ ಎಂಬುದು ಅದರ ಅರ್ಥ ತಾನೆ? ವಿಮಾನ ನಿಲ್ದಾಣದ ತಪಾಸಣೆಯವರು ಪೆಟ್ಟಿಗೆಯನ್ನು ಹಿಂದಕ್ಕೆ ಕೊಡುವಾಗ ಹೇಳುವಂಥದ್ದು. ಸ್ವೆಟರನ್ನು ಸರಿಯಾಗಿ ತಿರುವಿ ತೊಟ್ಟುಕೊಂಡೆ.

ಅವರನ್ನು ಟೂಟಿಂಗಿನವರೆಗೆ ಬಿಟ್ಟುಬರಲು ಜೊತೆಗೆ ಹೊರಟೆ. ಟ್ಯೂಬಿನಲ್ಲಿ ಪಕ್ಕಪಕ್ಕದಲ್ಲಿ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಕಡೆ ಬಾಗಿ, "ನಾ ನೋಡೂದು ಆತು. ನಿಮ್ಮನ್ನ ಯಾರೂ ಕೇಳಲಿಲ್ಲ. ನಮ್ಮ ಹುಡುಗ ಹೆಂಗನಸ್ತಾನ ನಿಮಗ?" ಎಂದರು.

ಪ್ರಮೋದನ ಬಗ್ಗೆ ನನಗೆ ಏನನ್ನಿಸುತ್ತದೆ ಎಂಬುದನ್ನು ಪ್ರಮೋದನಿಗೇ ನಾನು ಪೂರ್ತಿ ಹೇಳಿರಲಿಲ್ಲ. ತುಂಬಿದ ಡಬ್ಬಿಯಲ್ಲಿ ಅವನ ತಾಯಿಗೆ ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಹೊಗಳಿಕೆಯ ತುತ್ತತುದಿಗೆ ಇರುವುದು ಒಂದೇ ಮಾತು. ನನಗೆ ಲಂಡನ್ನಿನಲ್ಲಿ ಸೀಟು ಸಿಕ್ಕಾಗ ನಮ್ಮಪ್ಪ ಪತ್ರಿಕೆ ಕೆಳಗಿಳಿಸಿ ಹೇಳಿದ್ದು ಅದನ್ನೇ. ಅಮ್ಮನ ಕೈಯಡುಗೆ ಉಂಡು ಅವರು ಈವರೆಗೂ ಹೇಳುವುದು ಅದನ್ನೇ. ಎಲ್ಲ ಧೈರ್ಯ ಒಟ್ಟುಗೂಡಿಸಿ ನಾನೂ ಅದನ್ನೇ ಹೇಳಿದೆ.

"ಪರವಾಗಿಲ್ಲ, ಆಂಟಿ."

ಸುಶೀಲಾಬಾಯಿ ನೆಟ್ಟಗೆ ಕುಳಿತರು. ಟೂಟಿಂಗ್ ಬರುವವರೆಗೂ ಎದುರಿನ ಜಾಹೀರಾತು ಓದಿದರು.

ನಾನು ವೆಂಬ್ಲಿಯ ನನ್ನ ಫ್ಲ್ಯಾಟಿಗೆ ಬಂದು ಬೂಟು ಬಿಚ್ಚುವುದರೊಳಗೆ ಪ್ರಮೋದನ ಫೋನು.

"ಏನ ಅಂದಿ ನಮ್ಮವ್ವಗ? ಚಹಾ ಸೈತ ಬ್ಯಾಡಂತಾಳ. ಪರವಾಗಿಲ್ಲ ಅಂದಳೋ ನಿನಗ, ಅಂದ್ರ ಇದ್ದದ್ದರಾಗ ಹೆಂಗೋ ಸಂಭಾಳಿಸ್ತೀನಿ ಅಂದಂಗ ಆತಲ್ಲೋ, ಅಂತ ಕೂತಾಳ."

"ಅವರು ನನಗೆ ಅಡ್ಡಿಯಿಲ್ಲ ಅಂದ್ರಲ್ಲ, ಅದೇನು ದೊಡ್ಡ ಪ್ರಶಸ್ತಿನಾ?" ಎಂದೆ.

ಅವನು ನಗತೊಡಗಿದ. "ಹುಚ್ಚಿ, ನಮ್ಮವ್ವ ಅಡ್ಡಿಯಿಲ್ಲ ಅಂದ್ಲಂದ್ರ ಅದರ ಮ್ಯಾಲೆ ಮಾತಿಲ್ಲ. ನಾ ಡಾಕ್ಟರ್ ಆದಾಗ ಅಂದಿದ್ಲು. ಅದಾದ ಮ್ಯಾಲೆ ಇವತ್ತ ಅಂದದ್ದು."

ಪರವಾಗಿಲ್ಲ ಎಂದರೆ ನಮ್ಮಲ್ಲಿ ಏನೆಂದು ನಾನೂ ವಿವರಿಸಿದೆ. ಅವನು ಫೋನು ಕೆಳಗಿಟ್ಟು ತಾಯಿಗೆ ವಿವರಿಸಲು ಹೋದ. ಎರಡೂವರೆ ಸಾವಿರ ವರ್ಷದ ಹಿಂದಿನ ಕಲ್ಲುಗಳಿಗೆ ಊರೂರಿನಲ್ಲೂ ಗೈಡುಗಳಿದ್ದಾರೆ. ನಿಜವಾಗಿ ಗೈಡ್ ಬೇಕಾದದ್ದು ಧಾರವಾಡ, ಮೈಸೂರುಗಳ ನಡುವಿನ ಹಾವೇರಿಯ ಆಚೀಚೆಗಿನ ಎರಡು ಮಾತುಗಳಿಗೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಗಳಲು ಸಂಕೋಚಪಡುವುದರಲ್ಲಿ ನಾವೂ ಅವರೂ ಒಂದೇ ಜಾತಿ. ಮೆಚ್ಚಿದ್ದನ್ನು ಮೆಚ್ಚಿದೆ ಎನ್ನಲಾರದೆ, ದೂರು ಇಲ್ಲ ಎಂದಷ್ಟೇ ಹೇಳಿ ಮುಗಿಸುವವರು. ಅವರು ಬಚ್ಚಿಡುವ ಡಬ್ಬಿ ಬೇರೆ, ನಾವು ಬಚ್ಚಿಡುವ ಡಬ್ಬಿ ಬೇರೆ, ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಸುಶೀಲಾಬಾಯಿ ತಾವೇ ಫೋನು ಮಾಡಿದರು.

"ವಸುಧಾ, ನಿಮ್ಮ ಮೈಸೂರ ಮಾತಿನ್ಯಾಗ ಹೇಳ್ತೀನಿ ಕೇಳು. ನೀ ಪರವಾಗಿಲ್ಲವ್ವಾ."

ಉತ್ತರ ಕೊಡುವ ಮುನ್ನ ಯೋಚಿಸುವುದು ನನ್ನ ಅಭ್ಯಾಸ. ಅಂದು ಯೋಚಿಸಲಿಲ್ಲ.

"ನಿಮ್ಮ ಮಗ ಭಾಳ ಅಡ್ಡಿಯಿಲ್ರಿ, ಅತ್ತೆ."

"ಭಾಳ ಅಡ್ಡಿಯಿಲ್ಲ ಅನ್ನಂಗಿಲ್ಲವ್ವಾ," ಎಂದರು ಅವರು ಕೂಡಲೇ. "ಅಡ್ಡಿಯಿಲ್ಲ ಅಂದ್ರ ಅಡ್ಡಿಯಿಲ್ಲ. ಅದಕ್ಕ ಭಾಳ, ಸ್ವಲ್ಪ ಅಂತ ಹಚ್ಚೂದಿಲ್ಲ."

ನನಗಿಂತ ಕಟ್ಟುನಿಟ್ಟಾಗಿ ತಪ್ಪು ಹಿಡಿಯುವವರು ಸಿಕ್ಕಿದ್ದರು. ನಾನು ಹೇಳಿದ ಒಂದೇ ವಾಕ್ಯದಲ್ಲಿ ಎರಡು ಅಚಾತುರ್ಯಗಳಿದ್ದವು. ಅವರು 'ಭಾಳ'ವನ್ನು ತಿದ್ದಿದರು. 'ಅತ್ತೆ'ಯನ್ನು ತಿದ್ದಲಿಲ್ಲ.