ದೇರಣ್ಣನ ಜೀಪಿನ ಹೊಗೆಯ ಲೆಕ್ಕ

"ಅಮ್ಮಾ, ದೇರಣ್ಣ ಮಾಮ ಹೊಗೆಯನ್ನು ಯಾವ ತಕ್ಕಡಿಯಲ್ಲಿ ತೂಗುದು?"

ಯಶಸ್ವಿ ಇದನ್ನು ಕೇಳಿದ್ದು ಬಚ್ಚಲಿನಲ್ಲಿ, ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿಸಿದ್ದಾಗ. ಅವಳಿಗೆ ಐದು ವರ್ಷ. ಯುಕೆಜಿ ಬಿಟ್ಟ ಮೇಲೆ ಸಂಜೆವರೆಗೆ ನನ್ನ ಆಫೀಸಿನಲ್ಲೇ ಮೇಜಿನಡಿ ಕೂತು ಬಣ್ಣ ಹಚ್ಚುತ್ತಾಳೆ. ದೇರಣ್ಣ ಒಳಗೆ ಬಂದು, "ಇವತ್ತು ಇಪ್ಪತ್ತೇಳು ಕಿಲೋ ಬಿಟ್ಟಿದ್ದೇನೆ, ಬರ್ಕೊಳ್ಳಿ" ಎಂದದ್ದನ್ನು ಅಲ್ಲಿಂದಲೇ ಕೇಳಿಸಿಕೊಂಡಿದ್ದಾಳೆ. ಎರಡು ಚೆಂಬು ನೀರು ಹೊಯ್ದು ಮಾತು ಮರೆಸಿದೆ. ಅವಳು ಮಲಗಿ ಎದ್ದ ಮೇಲೆ ಮರೆತಳು. ನಾನು ಮರೆಯಲಿಲ್ಲ, ಅದಕ್ಕೇ ಡೈರಿಯಲ್ಲಿ ದೇರಣ್ಣನಿಗೆ ಇಷ್ಟು ಪುಟ ಹೋಯಿತು.

ನಮ್ಮದು ಮಣ್ಣು ಪರೀಕ್ಷೆ ಮಾಡುವ ಸಂಸ್ಥೆ. ಅರವತ್ತೆರಡು ದೇಶಗಳಲ್ಲಿ ಶಾಖೆಗಳಿವೆ. ಮುಖ್ಯ ಕಚೇರಿ ಯುರೋಪಿನಲ್ಲಿ, ಹನ್ನೊಂದು ಅಂತಸ್ತಿನ ಗಾಜಿನ ಕಟ್ಟಡ. ಪುತ್ತೂರಿನ ಶಾಖೆ ಒಂದು ಬೇಕರಿಯ ಮೇಲಿನ ಎರಡು ಕೋಣೆ. ಊರಿನವರು ಕರೆಯುವುದು 'ಮಣ್ಣಿನ ಆಫೀಸು' ಎಂದು. ಇರುವವರು ನಾಲ್ಕೇ ಜನ. ಮ್ಯಾನೇಜರ್ ಜಯಪ್ರಕಾಶ್ ಸರ್, ತೋಟಗಳಿಗೆ ಹೋಗಿ ಮಣ್ಣು ತೆಗೆದು ತರುವ ತೃಪ್ತಿ, ಕಂಪ್ಯೂಟರಿನ ಮುಂದೆ ನಾನು, ಜೀಪಿನ ಮುಂದೆ ದೇರಣ್ಣ.

ಕಳೆದ ವರ್ಷ ಮುಖ್ಯ ಕಚೇರಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ಲೋಕದ ಮಣ್ಣು ಉಳಿಸಲು ಹೊರಟ ತಾವೇ ಊರೂರಿಗೆ ವಿಮಾನದಲ್ಲಿ ಹಾರಿ ಲೋಕದ ಗಾಳಿ ಕೆಡಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಾಯಿತು. ವಿಮಾನ ನಿಲ್ಲಿಸಿದರು. ಸೋಮವಾರ ಮಾಂಸ ನಿಲ್ಲಿಸಿದರು. ಹನ್ನೊಂದೂ ಅಂತಸ್ತಿಗೆ ಲಿಫ್ಟ್ ನಿಲ್ಲಿಸಿದರು. ಎಲ್ಲ ಶಾಖೆಗಳೂ ಹೀಟರನ್ನು ಹತ್ತೊಂಬತ್ತು ಡಿಗ್ರಿಗೆ ಇಳಿಸಬೇಕೆಂದು ಏಪ್ರಿಲ್ ತಿಂಗಳಲ್ಲಿ ಸುತ್ತೋಲೆ ಬಂತು. ಆ ದಿನ ಪುತ್ತೂರಿನಲ್ಲಿ ಫ್ಯಾನಿನ ಗಾಳಿಯೂ ಬಿಸಿ. ನಮ್ಮಲ್ಲಿ ಹೀಟರೇ ಇಲ್ಲವೆಂದು ಜಯಪ್ರಕಾಶ್ ಸರ್ ಬರೆದರು. ವಾರದೊಳಗೆ, ಹೀಟರನ್ನು ಪೂರ್ತಿ ಕೈಬಿಟ್ಟ ಮೊದಲ ಶಾಖೆ ಎಂದು ನಮಗೆ ಮೆಚ್ಚುಗೆಯ ಪತ್ರ ಬಂತು. ಸರ್ ಅದಕ್ಕೆ ಫ್ರೇಮು ಹಾಕಿಸಿದರು.

ಆಮೇಲೆ ಬಂದ ಸುತ್ತೋಲೆಗೆ ಮಾತ್ರ ಯಾರೂ ಫ್ರೇಮು ಹಾಕಿಸಲಿಲ್ಲ. ಶಾಖೆಯ ವಾಹನ ದಿನಕ್ಕೆ ಬಿಡುವ ಹೊಗೆಯನ್ನು ಅದರಲ್ಲಿ ಪ್ರಯಾಣಿಸುವ ತಲೆಗಳಿಂದ ಭಾಗಿಸಬೇಕು. ತಲೆಗೆ ಐದು ಕಿಲೋಗಿಂತ ಹೆಚ್ಚಾದರೆ ಸೆಪ್ಟೆಂಬರ್ ಕೊನೆಗೆ ವಾಹನ ವಾಪಸು. ನಮ್ಮ ಜೀಪಿಗೆ ದಿನಕ್ಕೆ ಹತ್ತು ಲೀಟರ್ ಡೀಸೆಲ್. ಲೀಟರಿಗೆ ಎರಡು ಕಿಲೋ ಏಳುನೂರು ಗ್ರಾಂ ಹೊಗೆ. ಜೀಪಿನಲ್ಲಿರುವುದು ದೇರಣ್ಣ ಮತ್ತು ತೃಪ್ತಿ, ಎರಡೇ ತಲೆ. ತಲೆಗೆ ಹದಿಮೂರೂವರೆ ಕಿಲೋ.

ದೇರಣ್ಣ ನನ್ನ ಮೇಜಿನೆದುರು ಕೂತು ಲೆಕ್ಕ ಕೇಳಿದರು. ಪಂಜದ ಹತ್ತಿರದ ಗೌಡರು, ಐವತ್ತಾರು ವರ್ಷ, ಕಿವಿಯಲ್ಲಿ ಒಂದಿಷ್ಟು ಬಿಳಿ ಕೂದಲು.

"ಒಂದು ಲೀಟರ್ ಡೀಸೆಲ್ ಒಂದು ಕಿಲೋ ಸಹ ತೂಗುದಿಲ್ಲ ಭವಿತಕ್ಕ. ಅದರಿಂದ ಎರಡು ಮುಕ್ಕಾಲು ಕಿಲೋ ಹೊಗೆ ಬರುದು ಹೇಗೆ?"

"ಉರಿಯುವಾಗ ಗಾಳಿ ಸೇರಿಕೊಳ್ತದೆ ದೇರಣ್ಣ."

"ಹಾಗಾದ್ರೆ ಬಾಕಿ ತೂಕ ಗಾಳಿದ್ದು. ಅದನ್ನು ನನ್ನ ಜೀಪಿನ ಮೇಲೆ ಹಾಕುದು ಎಂತಕ್ಕೆ?"

ನಾನು ಸುತ್ತೋಲೆಯನ್ನು ಅವರ ಕಡೆಗೆ ತಿರುಗಿಸಿಟ್ಟೆ.

"ಜೀಪು ಹೋದ್ರೆ ನನಗೆ ಇಲ್ಲಿ ಎಂತ ಕೆಲಸ?" ಎಂದರು.

"ಮನೆಯಲ್ಲಿ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಮಾರಾಯ್ರೆ," ಎಂದರು ಜಯಪ್ರಕಾಶ್ ಸರ್ ಒಳಗಿನಿಂದ.

"ಮನೆಯಲ್ಲಿ ಕೂತ್ರೆ ನಮ್ಮವಳು ದಿನಾ ದನ ಮೀಯಿಸ್ಲಿಕ್ಕೆ ಹೇಳ್ತಾಳೆ. ದನಕ್ಕೂ ನನ್ನನ್ನು ಕಂಡ್ರೆ ಆಗುದಿಲ್ಲ." ಆಮೇಲೆ ತನ್ನ ಎರಡು ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡು ಮೆಲ್ಲಗೆ, "ಸ್ಟಿಯರಿಂಗ್ ಇಲ್ಲದಿದ್ರೆ ಇದನ್ನು ಎಲ್ಲಿ ಇಡುದು ಅಂತ ನನಗೆ ಗೊತ್ತಿಲ್ಲ ಭವಿತಕ್ಕ" ಎಂದರು.

ಆ ಕೈಗಳು ಇಪ್ಪತ್ತೆರಡು ವರ್ಷ ಪಂಜದಿಂದ ಕಾಣಿಯೂರಿಗೆ ಸರ್ವಿಸ್ ಜೀಪು ಓಡಿಸಿದ ಕೈಗಳು. ಬಸ್ಸು ಬಾರದ ಹೊತ್ತಿನಲ್ಲಿ ದಾರಿಯವರನ್ನೆಲ್ಲ ತುಂಬಿಸಿಕೊಂಡು ಹೋಗುವ ಜೀಪು. ಅದರಲ್ಲಿ ಜನ ಕೂರಿಸುವುದೇ ಒಂದು ವಿದ್ಯೆ. ಒಬ್ಬರು ಬೆನ್ನು ಸೀಟಿಗೆ ಒರಗಿಸಿದರೆ ಪಕ್ಕದವರು ಮುಂದೆ ಬಾಗಬೇಕು. ಹೀಗೆ ಒಬ್ಬರು ಬಿಟ್ಟು ಒಬ್ಬರು ಬಾಗಿದರೆ ನಾಲ್ಕು ಜನರ ಸೀಟಿನಲ್ಲಿ ಆರು ಜನ. ಕೈಯಲ್ಲಿ ಚೀಲ ಇದ್ದವರು ಹಿಂದೆ, ಬಾಯಲ್ಲಿ ಎಲೆ ಅಡಿಕೆ ಇದ್ದವರು ಬದಿಗೆ. ಆ ಜೀಪು ಗುಜರಿಗೆ ಹೋದ ಮೇಲೆ ದೇರಣ್ಣ ನಮ್ಮ ಸಂಸ್ಥೆಗೆ ಬಂದರು. ಆದರೆ ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ಅವರ ಬಲಗಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಬದಿಯಲ್ಲಿ ಒಬ್ಬರು ಬರೀ ಆಕಳಿಸಿ ಮೈ ಮುರಿದದ್ದಕ್ಕೂ ಒಮ್ಮೆ ನಿಲ್ಲಿಸಿದ್ದಾರಂತೆ. ಆಕಳಿಸಿದವರೂ, ನಿಲ್ಲಿಸಿದ ಮೇಲೆ ಹೇಗೆ ಬೇಡ ಅನ್ನುದು ಎಂದು ಹತ್ತಿ ಕಾಣಿಯೂರಿಗೆ ಹೋಗಿ ಬಂದರಂತೆ.

ಹೊರಗಿನವರನ್ನು ಹತ್ತಿಸಬಾರದೆಂದು ಸಂಸ್ಥೆಯ ನಿಯಮ. ಎಂಟು ವರ್ಷದಿಂದ ದೇರಣ್ಣ ಹತ್ತಿಸುತ್ತಿದ್ದರು, ಎಂಟು ವರ್ಷದಿಂದ ನಾವು ನೋಡದ ಹಾಗೆ ಇದ್ದೆವು.

"ಹೊಗೆ ಲೆಕ್ಕ ತುಂಬುವ ಫಾರ್ಮಿನಲ್ಲಿ 'ಪ್ರಯಾಣಿಸಿದವರು' ಅಂತ ಉಂಟಲ್ಲ," ಎಂದರು ದೇರಣ್ಣ ಮರುದಿನ. "ಆಫೀಸಿನವರು ಅಂತ ಇಲ್ಲ."

"ಅದು ಆಫೀಸಿನವರು ಅಂತಲೇ ಅರ್ಥ."

"ಬರೆದದ್ದನ್ನು ಓದಿ ನೀವು."

ಓದಿದೆ. ನಿಜವಾಗಿಯೂ ಹಾಗೆ ಬರೆದಿರಲಿಲ್ಲ. ಅಂದಿನಿಂದ ದೇರಣ್ಣ ಹೇಳುತ್ತಾ ಹೋದರು, ನಾನು ತುಂಬುತ್ತಾ ಹೋದೆ. ದಿನಕ್ಕೆ ಹದಿನಾರು ತಲೆ, ಕೆಲವೊಮ್ಮೆ ಹದಿನೆಂಟು. ತಲೆಗೆ ಒಂದು ಕಿಲೋ ಏಳುನೂರು. ಒಂದು ದಿನ ಎರಡು ಆಡುಮರಿಗಳನ್ನೂ ಸೇರಿಸಲು ಹೇಳಿದರು, ನಾನು ಒಪ್ಪಲಿಲ್ಲ. "ತಲೆ ಉಂಟಲ್ಲ ಅದಕ್ಕೆ?" ಎಂದು ಸ್ವಲ್ಪ ಬೇಸರ ಮಾಡಿಕೊಂಡರು.

ಜುಲೈಯಲ್ಲಿ ಪತ್ರ ಬಂತು. ಅರವತ್ತೆರಡು ದೇಶಗಳಲ್ಲಿ ಅತಿ ಕಡಿಮೆ ಹೊಗೆಯ ವಾಹನ ಪುತ್ತೂರಿನದ್ದು. ಹೇಗೆ ಸಾಧಿಸಿದಿರೆಂದು ಕಣ್ಣಾರೆ ನೋಡಬೇಕು. ಆದರೆ ವಿಮಾನ ನಿಲ್ಲಿಸಿರುವುದರಿಂದ ಬರುವ ಹಾಗಿಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಜೀಪಿನೊಳಗೆ ಮುಂದುಗಡೆ ಮೊಬೈಲ್ ಕಟ್ಟಿ, ಪುತ್ತೂರಿನಿಂದ ಪಂಜದವರೆಗೆ ವೀಡಿಯೋದಲ್ಲಿ ತೋರಿಸಬೇಕು.

ಜಯಪ್ರಕಾಶ್ ಸರ್ ಎರಡು ಲೋಟ ನೀರು ಕುಡಿದರು. ಖಾಲಿ ಜೀಪು ತೋರಿಸಿದರೆ ಲೆಕ್ಕ ಸುಳ್ಳು, ಜೀಪು ಹೋಯಿತು. ತುಂಬಿದ ಜೀಪು ತೋರಿಸಿದರೆ ನಿಯಮ ಮುರಿದದ್ದಕ್ಕೆ ದೇರಣ್ಣನೇ ಹೋದರು. ಕೊನೆಗೆ ಸರ್ ಒಂದು ಉಪಾಯ ಮಾಡಿದರು. ಹತ್ತುವವರ ಕೈಗೆಲ್ಲ ಒಂದೊಂದು ಮಣ್ಣಿನ ಪೊಟ್ಟಣ ಕೊಡುವುದು. ಏನು ಕೇಳಿದರೂ ಮಣ್ಣಿಗೆ ಇಂಗ್ಲಿಷಿನಲ್ಲಿ ಹೇಳುವ ಹಾಗೆ "ಸಾಯಿಲ್" ಅನ್ನುವುದು. ನೋಡುವವರಿಗೆ ಎಲ್ಲರೂ ಆಫೀಸಿನವರೇ.

ಗುರುವಾರ ಮುಂದಿನ ಸೀಟಿನಲ್ಲಿ ನಾನು, ಅನುವಾದಕ್ಕೆ. ಹಿಂದೆ ತೃಪ್ತಿ, ಅವಳ ಸುತ್ತ ಹದಿಮೂರು ಜನ, ಹದಿಮೂರು ಪೊಟ್ಟಣ. ಮೊಬೈಲಿನಲ್ಲಿ ಕೆಂಪು ಕಿವಿಯ ಒಬ್ಬ ತರುಣ ಅಧಿಕಾರಿ ಕಾಣಿಸಿಕೊಂಡರು. ಜನರನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಿ ಬರುತ್ತಿದ್ದ ಅಲಿ ಕುಂಞಿಯವರನ್ನು ಮೊದಲು ಮಾತಾಡಿಸಿದರು. ಪ್ರಯಾಣ ಆರಾಮವಾಗಿದೆಯೇ ಎಂದು ಕೇಳಿದರು.

"ಸಾಯಿಲ್," ಎಂದರು ಅಲಿ ಕುಂಞಿ.

ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀರಿ ಎಂದರು.

"ಸಾಯಿಲ್, ಸಾಯಿಲ್."

ಅಧಿಕಾರಿ ಬರೆದುಕೊಂಡರು. ಆಮೇಲೆ ಅವರ ಕಣ್ಣು ದಮಯಂತಿ ಅಕ್ಕನ ಮಡಿಲಲ್ಲಿದ್ದ ದೊಡ್ಡ ನೀಲಿ ಡ್ರಮ್ಮಿನ ಮೇಲೆ ಬಿತ್ತು. ದಮಯಂತಿ ಅಕ್ಕ ದೇರಣ್ಣನ ನೆರೆಮನೆಯವರು. ಅದು ಮಣ್ಣು ತುಂಬುವ ಡ್ರಮ್ಮೇ ಎಂದು ಕೇಳಿದರು ಅಧಿಕಾರಿ. ನಾನು ಕನ್ನಡದಲ್ಲಿ ಹೇಳಿದೆ.

"ಇದಕ್ಕೆ ಮಣ್ಣು ಯಾರು ಹಾಕ್ತಾರೆ? ಹಲಸಿನ ಸೊಳೆ ಉಪ್ಪಲ್ಲಿ ಹಾಕಿಡ್ಲಿಕ್ಕೆ ತಂದದ್ದು," ಎಂದರು ದಮಯಂತಿ ಅಕ್ಕ. "ಪಾಪ, ಇವರಿಗೆ ಊಟ ಆಗಿದ್ಯಾ ಕೇಳಿ ಭವಿತಾ. ಮದುವೆ ಆಗಿದ್ಯಾ ಅದನ್ನೂ ಕೇಳಿ."

ಕೇಳಿದೆ. ಊಟ ಆಗಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಜೀಪಿನಲ್ಲಿ ಎಲ್ಲರೂ ಚ್ಚು ಚ್ಚು ಎಂದರು. ಅಧಿಕಾರಿಯ ಕಿವಿ ಇನ್ನಷ್ಟು ಕೆಂಪಾಯಿತು. ಅಷ್ಟರಲ್ಲಿ ಸವಣೂರಿನ ಆಚೆ ಒಬ್ಬರು ಕೈ ಎತ್ತಿದರು. ದೇರಣ್ಣನ ಬಲಗಾಲು ಬ್ರೇಕಿಗೆ ಹೋಯಿತು. ಹತ್ತಿದವರ ಕೈಯಲ್ಲಿ ಪೊಟ್ಟಣ ಇರಲಿಲ್ಲ, ಒಂದು ಮೀಟರ್ ಉದ್ದದ ಹೊಳೆಮೀನಿನ ಬಲೆ ಇತ್ತು. ಅಧಿಕಾರಿ ನೇರವಾಗಿ ದೇರಣ್ಣನನ್ನೇ ಕೇಳಿದರು. ಇವರೆಲ್ಲ ನಮ್ಮ ಸಿಬ್ಬಂದಿಯೇ?

ನಾನು ದೇರಣ್ಣನಿಗೆ ಕನ್ನಡದಲ್ಲಿ ಹೇಳಿದೆ. ತೃಪ್ತಿ ಹಿಂದಿನಿಂದ ನನ್ನ ಭುಜ ಹಿಂಡಿದಳು.

"ಅಲ್ಲ," ಎಂದರು ದೇರಣ್ಣ, ರಸ್ತೆ ನೋಡುತ್ತಲೇ. "ಇವರು ದಾರಿಯವರು. ನಿಯಮ ಮುರಿದದ್ದು ನಾನು, ಇವರಲ್ಲ, ಆಫೀಸಿನವರೂ ಅಲ್ಲ. ಹೇಳಿ ಭವಿತಕ್ಕ. ಜೀಪು ಹೇಗೂ ಹೋಗ್ತದೆ, ಸೀಟು ಹೇಗೂ ಖಾಲಿ. ಇವರು ಬೇರೆ ರಿಕ್ಷಾ ಮಾಡಿದ್ರೆ ಅದರ ಹೊಗೆ ಬೇರೆ. ಇಲ್ಲಿ ಕೂತ್ರೆ ಎಲ್ಲರಿಗೂ ಸೇರಿ ಒಂದೇ ಹೊಗೆ. ಕೈ ಎತ್ತಿದವರನ್ನು ಬಿಟ್ಟು ಹೋಗ್ಲಿಕ್ಕೆ ನನಗೆ ಬರುದಿಲ್ಲ. ಬೇಕಾದ್ರೆ ಜೀಪು ತಗೊಳ್ಳಿ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ ಮುಗಿಸಿ ನೋಡಿದರೆ ಅಧಿಕಾರಿ ಬಾಯಿ ಅರ್ಧ ತೆರೆದು ಕಲ್ಲಾಗಿದ್ದರು. ತಿರುವಿನಲ್ಲಿ ನೆಟ್‌ವರ್ಕ್ ಹೋಗಿತ್ತು. ಎಲ್ಲಿವರೆಗೆ ಕೇಳಿಸಿಕೊಂಡರೆಂದು ಯಾರಿಗೂ ತಿಳಿಯಲಿಲ್ಲ. ಪಂಜ ಬರುವ ತನಕವೂ ಆ ಅರ್ಧ ತೆರೆದ ಬಾಯಿ ನಮ್ಮೆದುರು ಹಾಗೇ ಇತ್ತು. ಅಲಿ ಕುಂಞಿಯವರು ಇಳಿಯುವಾಗ ಅದಕ್ಕೆ ಸಲಾಂ ಹೇಳಿ ಇಳಿದರು.

ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ದೇರಣ್ಣ ಬೆಳಿಗ್ಗೆ ಜೀಪು ತೊಳೆದರು, ಸಂಜೆಯೂ ತೊಳೆದರು. ಯಶಸ್ವಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಹಾರ್ನ್ ಒತ್ತಲು ಬಿಟ್ಟರು. ಮೊದಲು ಅದನ್ನು ಯಾರಿಗೂ ಬಿಡುತ್ತಿರಲಿಲ್ಲ.

ಪತ್ರವನ್ನು ಜಯಪ್ರಕಾಶ್ ಸರ್ ಜೋರಾಗಿ ಓದಿದರು. ದೇರಣ್ಣ ಹೇಳಿದ್ದೆಲ್ಲ ಆ ಅಧಿಕಾರಿಗೆ ಕೇಳಿಸಿತ್ತು. ಹನ್ನೊಂದನೇ ಅಂತಸ್ತಿನಲ್ಲಿ ಅದರ ಮೇಲೆ ಮೂರು ಸಭೆ ನಡೆದಿತ್ತು, ಎಲ್ಲರೂ ಮೆಟ್ಟಿಲು ಹತ್ತಿಯೇ ಹೋಗಿದ್ದರಂತೆ. ದಾರಿಯವರನ್ನು ಹತ್ತಿಸಲು ಪುತ್ತೂರು ಶಾಖೆಗೆ ಮಾತ್ರ ಅನುಮತಿ. ಆದರೆ ಒಂದು ಷರತ್ತು. ಈ ಜೀಪು ಇಲ್ಲದಿದ್ದರೆ ಬೇರೆ ಗಾಡಿ ಸ್ಟಾರ್ಟ್ ಮಾಡಿ ಬರುತ್ತಿದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ನಡೆದು ಬರುತ್ತಿದ್ದವರು ಲೆಕ್ಕಕ್ಕಿಲ್ಲ. ಬಸ್ಸಿನಲ್ಲಿ ಬರುತ್ತಿದ್ದವರೂ ಇಲ್ಲ, ಯಾಕೆಂದರೆ ಬಸ್ಸು ಹೇಗೂ ಓಡುತ್ತದೆ.

ದೇರಣ್ಣ ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಬೆರಳು ಮಡಚಿದರು. ದಮಯಂತಿ ಅಕ್ಕ ಬಸ್ಸು. ಬಲೆಯವರು ನಡಿಗೆ. ಅಲಿ ಕುಂಞಿಯವರು ರಿಕ್ಷಾ, ಮೊಣಕಾಲಿನ ದಯೆಯಿಂದ. ಹೀಗೆ ಎಣಿಸಿ ದಿನಕ್ಕೆ ಲೆಕ್ಕಕ್ಕೆ ಉಳಿದದ್ದು ದೇರಣ್ಣ, ತೃಪ್ತಿ, ಅಲಿ ಕುಂಞಿಯವರಂತೆ ರಿಕ್ಷಾ ಮಾಡುವ ಇಬ್ಬರು. ನಾಲ್ಕು. ನಾನು ಭಾಗಿಸಿದೆ. ತಲೆಗೆ ಆರು ಮುಕ್ಕಾಲು.

"ಆರು ತಲೆ ಆದ್ರೆ?" ಎಂದರು.

"ನಾಲ್ಕೂವರೆ. ಜೀಪು ಉಳಿತದೆ."

ಅವರು ಕೆಳಗೆ ಹೋದರು. ಸಂಜೆ ನಾನು ಯಶಸ್ವಿಯ ಚೀಲ ಹೆಗಲಿಗೆ ಹಾಕಿ ಬೇಕರಿಯ ಪಕ್ಕದಲ್ಲಿ ಸ್ಕೂಟರ್ ತಿರುಗಿಸುತ್ತಿದ್ದಾಗ ದೇರಣ್ಣ ಹತ್ತಿರ ಬಂದು ನಿಂತರು. ನಮ್ಮ ಮನೆ ನರಿಮೊಗರಿನಲ್ಲಿ, ಅವರ ಜೀಪು ಬರುವ ದಾರಿಯಲ್ಲೇ. ನಾನು ಸ್ಕೂಟರಿನಲ್ಲಿ ಹತ್ತು ನಿಮಿಷದಲ್ಲಿ ಬರುತ್ತೇನೆ. ಅವರ ಜೀಪು ಎಲ್ಲರನ್ನೂ ಹತ್ತಿಸಿ, ಇಳಿಸಿ, ಮಾತಾಡಿಸಿ ಬರಲು ಎಷ್ಟು ಹೊತ್ತಾದೀತೆಂದು ದೇವರಿಗೂ ಗೊತ್ತಿಲ್ಲ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಸ್ಕೂಟರಿನ ಕನ್ನಡಿಯ ಧೂಳನ್ನು ಬೆರಳಿನಿಂದ ಒರೆಸುತ್ತಾ ನಿಂತರು.

"ಒಂದು ಉಪಕಾರ ಆಗ್ಬೇಕಿತ್ತು ಭವಿತಕ್ಕ," ಎಂದರು. "ಸೆಪ್ಟೆಂಬರ್ ಮುಗಿಯುವವರೆಗೆ ಸ್ಕೂಟರ್ ಸ್ಟಾರ್ಟ್ ಮಾಡದೆ ನೀವು ಮತ್ತು ಮಗು ನನ್ನ ಜೀಪಲ್ಲಿ ಬರ್ಬಹುದಾ? ಒಬ್ಬರು ಸ್ವಲ್ಪ ಮುಂದೆ ಬಾಗಿ ಕೂತ್ರೆ ಆಯ್ತು."