ಇಂದುಪ್ರಭಾ ಕೊಟ್ಟ ಅಳತೆ

ಹೊಳೆನರಸೀಪುರದಲ್ಲಿ ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದ ಸಾಕಮ್ಮನಿಗೆ ಆ ಬೆಳಿಗ್ಗೆ ಬಂದ ಕರೆಯನ್ನು ನಂಬಲೇ ಆಗಲಿಲ್ಲ. ಸೀರೆ ಜಾಹೀರಾತಿನ ಚಿತ್ರೀಕರಣಕ್ಕೆ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಬಂದಿದ್ದ ನಟಿ ಇಂದುಪ್ರಭಾ ಅವರ ರವಿಕೆ ಸಡಿಲವಾಗಿತ್ತು. ಕೂಡಲೇ ಬಂದು ಬಿಗಿ ಮಾಡಿಕೊಡಬೇಕಂತೆ.

ಚರ್ಚಿನ ಬಳಿ ನಿಲ್ಲಿಸಿದ್ದ ವ್ಯಾನಿನೊಳಗೆ ಕೂತಿದ್ದ ಇಂದುಪ್ರಭಾ ಎಪ್ಪತ್ತೈದರ, ಬೆನ್ನು ಬಾಗಿದ ಮುದುಕಿ. ಮಂಡಿಗೆ ಪಟ್ಟಿ, ಪಕ್ಕದಲ್ಲಿ ಊರುಗೋಲು. ಕೂತಲ್ಲೇ ಅಳತೆ ಕೊಟ್ಟರು. ಸಾಕಮ್ಮ ಟೇಪು ಹಿಡಿದಳು.

“ನಾ ಮೊದ್ಲು ಒಲಿಯಾಕೆ ಕಲ್ತಿದ್ದೇ ಪಿಚ್ಚರ್ನಾಗೆ ನೀವ್ ತೊಡ್ತಿದ್ದ ಬುಗ್ಗೆ ತೋಳಿನ ರವಿಕೆ ಕಣವ್ವಾ. ನಮ್ಮೂರ ಎಣ್ಮಕ್ಳೆಲ್ಲ ಅದ್ನೇ ಕೇಳೋರು.”

“ಹಾಗಾದ್ರೆ ನನ್ನ ಅಳತೆ ನಿಮಗೆ ಗೊತ್ತೇ ಇರಬೇಕು,” ಎಂದು ಇಂದುಪ್ರಭಾ ನಕ್ಕರು.

ಸಾಕಮ್ಮ ಎರಡೂ ಬದಿ ಒಳಗೆ ಹಿಡಿದು ಹೊಲಿದಳು. ತೊಟ್ಟಾಗ ರವಿಕೆ ಸರಿಯಾಗಿ ಕೂತಿತು. ಅಷ್ಟರಲ್ಲಿ ಹೊರಗೆ ಕಾದಿದ್ದ ಜನ ಹೆಸರು ಹಿಡಿದು ಕೂಗತೊಡಗಿದರು. ಇಂದುಪ್ರಭಾ ಊರುಗೋಲನ್ನು ಸೀಟಿಗೆ ಒರಗಿಸಿ, ಬಾಗಿಲಲ್ಲಿ ನಿಂತು ದೀರ್ಘವಾಗಿ ಉಸಿರೆಳೆದುಕೊಂಡರು. ಬೆನ್ನು ನೆಟ್ಟಗಾಯಿತು, ಕತ್ತು ಮೇಲೆದ್ದಿತು. ಸಾಕಮ್ಮನ ಕಣ್ಣೆದುರೇ ರವಿಕೆ ಬಿಗಿದು, ಬೆನ್ನಿನ ಹುಕ್ಕೊಂದು ಟಪ್ಪೆಂದು ಕಿತ್ತುಬಂತು.

“ಅಯ್ಯೋ, ಅಳ್ತೆ ತಪ್ಪೋಯ್ತಲ್ಲವ್ವಾ!”

“ತಪ್ಪು ನಂದು ಕಣಮ್ಮಾ. ನಿಂತು ಅಳತೆ ಕೊಡಬೇಕಿತ್ತು.”

ಸೆರಗನ್ನು ಬೆನ್ನ ಮೇಲೆ ಎಳೆದುಕೊಂಡು ಅವರು ಮೆಟ್ಟಿಲಿಳಿದರು. ಕೂಗುತ್ತಿದ್ದ ಜನ ಹಿಂದೆ ಸರಿದು ದಾರಿ ಬಿಟ್ಟರು. ಯಾರೋ ಒಬ್ಬ ರೈತ ಹೆಗಲ ಟವೆಲ್ ತೆಗೆದು ಕೈಮುಗಿದ. ಚಿತ್ರೀಕರಣ ನಡೆದ ಎರಡು ಗಂಟೆಯೂ ಬಿಸಿಲಲ್ಲಿ ಆ ಬೆನ್ನು ಒಮ್ಮೆಯೂ ಬಾಗಲಿಲ್ಲ. ಅಷ್ಟು ಹೊತ್ತೂ ಸಾಕಮ್ಮ ಕೂರುವುದನ್ನೇ ಮರೆತು ನೋಡುತ್ತ ನಿಂತಿದ್ದಳು.